ಹಾಡು ಊರಿನದು, ದನಿ ಹಾಡಿದವರದು

(ಕಾರವಾರದಲ್ಲಿ ಛಾಯಾಗ್ರಾಹಕರು, ಯಕ್ಷಗಾನ ಕಲಾವಿದರು, ಹೋಂಸ್ಟೇ ನಡೆಸುವವರು ಮತ್ತು ಸಣ್ಣ ಉದ್ದಿಮೆದಾರರು ಸೇರಿದ್ದ ಸಭೆಯಲ್ಲಿ ವಕೀಲನಾಗಿ ನಾನು ಆಡಿದ ಮಾತುಗಳ ಬರಹ ರೂಪ. ಸಭಿಕರ ಪ್ರಶ್ನೆಗಳನ್ನು ಆಯಾ ವಿಷಯ ಬರುವಲ್ಲಿಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೃತಿಸ್ವಾಮ್ಯದ, ಅಂದರೆ ಕಾಪಿರೈಟಿನ ಬಗ್ಗೆ ಮಾತನಾಡಲು ಕಾರವಾರಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರರು. ಅಣ್ಣನ ಮನೆಗೆ ಬಂದು ಉಳಿದಿದ್ದ ರವೀಂದ್ರನಾಥರು ಈ ಕಡಲ ತಡಿಯಲ್ಲಿ ನಾಟಕವೊಂದನ್ನು ಬರೆದರು. ಆ ತಡಿಗೆ ಇಂದು ಅವರದೇ ಹೆಸರಿದೆ. ಇಷ್ಟು ನಿಮಗೆಲ್ಲ ಗೊತ್ತು. ಅದೇ ರವೀಂದ್ರರ ಕಾರಣದಿಂದ ದೇಶದ ಕೃತಿಸ್ವಾಮ್ಯ ಕಾನೂನೇ ಬದಲಾಯಿತು ಎಂಬುದು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಅವರು ತೀರಿಕೊಂಡದ್ದು 1941ರಲ್ಲಿ. ಲೇಖಕರ ಮರಣದ ನಂತರ 50 ವರ್ಷ ಹಕ್ಕು ಉಳಿಯುತ್ತದೆ ಎಂದು ಕಾನೂನು ಹೇಳುತ್ತಿತ್ತು. 1991 ಮುಗಿಯುತ್ತಿದ್ದಂತೆ ಅವರ ಬರಹವನ್ನೆಲ್ಲ ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಆ ಗಡುವು ಹತ್ತಿರವಾದಾಗ ಅವಧಿಯನ್ನು ಹೆಚ್ಚಿಸಬೇಕೆಂಬ ಒತ್ತಾಯ ಬಂತು. 1992ರ ತಿದ್ದುಪಡಿಯಿಂದ 50 ಇದ್ದದ್ದು 60 ಆಯಿತು. ಅದು ರವೀಂದ್ರರೊಬ್ಬರಿಗೇ ಅಲ್ಲ, ಎಲ್ಲರಿಗೂ ಆಯಿತು.

ಲೆಕ್ಕ ಹೀಗೆ: ಲೇಖಕರು ತೀರಿಕೊಂಡ ವರ್ಷವನ್ನು ಬಿಟ್ಟು ಮುಂದಿನ ಜನವರಿಯಿಂದ 60 ವರ್ಷ ಎಣಿಸಬೇಕು. ನಮ್ಮ ಚುಟುಕು ಕವಿ ದಿನಕರ ದೇಸಾಯಿಯವರು 1982ರಲ್ಲಿ ತೀರಿಕೊಂಡರು. ಅವರ ಚುಟುಕಗಳ ಹಕ್ಕು 2042ರ ಡಿಸೆಂಬರ್ 31ರವರೆಗೆ ಜೀವಂತ. ಭಾಷಣದಲ್ಲಿ ಒಂದು ಚುಟುಕ ಹೇಳಿದರೆ, ವಿಮರ್ಶೆಯಲ್ಲಿ ನಾಲ್ಕು ಸಾಲು ಉದಾಹರಿಸಿದರೆ ತಪ್ಪಿಲ್ಲ. ಹನ್ನೆರಡು ಚುಟುಕಗಳನ್ನು ಆರಿಸಿ ಕ್ಯಾಲೆಂಡರ್ ಮಾಡಿ ಮಾರುವುದಾದರೆ ಹಕ್ಕುದಾರರನ್ನು ಕೇಳಲೇಬೇಕು. ‘ನಮ್ಮೂರಿನ ಕವಿ, ನಮಗೆ ಹಕ್ಕಿಲ್ಲವೇ’ ಎಂದು ಪ್ರೀತಿಯಿಂದ ಕೇಳುವವರಿದ್ದಾರೆ. ಪ್ರೀತಿ ಇರಲಿ, ಅನುಮತಿಯೂ ಇರಲಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕೃತಿಸ್ವಾಮ್ಯದ ಜಗಳ ಹೊತ್ತು ವಕೀಲರ ಬಳಿಗೆ ಬರುವವರಲ್ಲಿ ಹೆಚ್ಚಿನವರು ಬರುವುದು ಕೋಟೆ ಸೂರೆ ಹೋದ ಮೇಲೆ. ಫೋಟೊ ಆಗಲೇ ಬೇರೆಯವರ ಜಾಹೀರಾತಿನಲ್ಲಿ ಬಂದಿರುತ್ತದೆ, ಲೇಬಲ್ಲಿನ ವಿನ್ಯಾಸಕಾರರ ಜತೆ ಮಾತು ಮುರಿದಿರುತ್ತದೆ, ಚಾನೆಲ್ ಬಂದ್ ಆಗಿರುತ್ತದೆ. ಆಗಲೂ ದಾರಿಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಈ ಜಗಳಗಳಲ್ಲಿ ಬಹುಪಾಲು ಕೆಲಸದ ಮೊದಲ ದಿನ ಅರ್ಧ ಹಾಳೆ ಬರೆದುಕೊಂಡಿದ್ದರೆ ಹುಟ್ಟುತ್ತಲೇ ಇರಲಿಲ್ಲ. ವಕೀಲರ ನೆರವನ್ನು ಆ ಅರ್ಧ ಹಾಳೆಗಾಗಿ ಕೇಳಿ ಎಂದು ಬೇಡಿಕೊಳ್ಳಲು ನಾನಿಲ್ಲಿಗೆ ಬಂದಿದ್ದೇನೆ.

ಹಕ್ಕು ಹುಟ್ಟುವುದಕ್ಕೆ ಯಾವ ಕಚೇರಿಯ ಮುದ್ರೆಯೂ ಬೇಡ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರ ತೆಗೆದ ಕ್ಷಣದಲ್ಲೇ, ಪದ್ಯ ಬರೆದ ಕ್ಷಣದಲ್ಲೇ ಹಕ್ಕು ಇದೆ. ನೋಂದಣಿ ಕಡ್ಡಾಯವಲ್ಲ. ಹಾಗೆಂದು ವ್ಯರ್ಥವೂ ಅಲ್ಲ, ಏಕೆಂದರೆ ನೋಂದಣಿ ಪುಸ್ತಕದಲ್ಲಿರುವುದನ್ನು ನ್ಯಾಯಾಲಯ ಮೇಲ್ನೋಟದ ಸಾಕ್ಷ್ಯವಾಗಿ, ಅಂದರೆ ಎದುರಿನವರು ತಪ್ಪೆಂದು ತೋರಿಸುವವರೆಗೆ, ಸ್ವೀಕರಿಸುತ್ತದೆ. ಸಾಹಿತ್ಯ ಕೃತಿಯೊಂದಕ್ಕೆ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲುತ್ತದೆ, ಆಕ್ಷೇಪಣೆಗೆ 30 ದಿನ ಕಾಯಬೇಕು. ಪುಸ್ತಕ, ಪ್ರಸಂಗ, ಬ್ರ್ಯಾಂಡಿನ ಲಾಂಛನ ಇಂಥವನ್ನು ನೋಂದಾಯಿಸಿ ಎಂದೇ ನನ್ನ ಸಲಹೆ. ದಿನಕ್ಕೆ ನೂರು ಫೋಟೊ ತೆಗೆಯುವವರು ಪ್ರತಿಯೊಂದನ್ನೂ ನೋಂದಾಯಿಸಲು ಆಗುವುದಿಲ್ಲ, ಅವರಿಗೆ ಮೂಲ ಫೈಲೇ ಆಸ್ತಿ. ಕ್ಯಾಮೆರಾದಿಂದ ಬಂದ ಮೂಲ ಫೈಲಿನಲ್ಲಿ ದಿನಾಂಕ, ಸಮಯ, ಕ್ಯಾಮೆರಾದ ವಿವರ ಇರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅವು ಅಳಿಸಿಹೋಗುತ್ತವೆ. ಹಾರ್ಡ್ ಡಿಸ್ಕ್ ತುಂಬಿತೆಂದು ಮೂಲವನ್ನು ಅಳಿಸಿ ಚಿಕ್ಕ ಪ್ರತಿಗಳನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಇನ್ನು, ಹಕ್ಕು ಯಾರದು? ಇಲ್ಲಿ ಎರಡು ಕಡೆಯವರೂ ತಪ್ಪು ತಿಳಿದುಕೊಂಡಿರುತ್ತಾರೆ. ಮದುವೆಯ ಫೋಟೊ ತೆಗೆದವರು ‘ಕ್ಯಾಮೆರಾ ನನ್ನದು, ಚಿತ್ರ ನನ್ನದು’ ಎಂದುಕೊಳ್ಳುತ್ತಾರೆ. ಕಾನೂನು ಬೇರೆ ಹೇಳುತ್ತದೆ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊ, ಬರೆಸಿದ ವರ್ಣಚಿತ್ರ ಮತ್ತು ಮಾಡಿಸಿದ ವಿಡಿಯೊಗಳ ಮೊದಲ ಹಕ್ಕುದಾರರು ಮಾಡಿಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ವಧುವಿನ ಚಿತ್ರವನ್ನು ನಿಮ್ಮ ಸ್ಟುಡಿಯೊದ ಜಾಹೀರಾತಿಗೆ ಹಾಕುವ ಮೊದಲು ಆ ಮನೆಯವರ ಲಿಖಿತ ಒಪ್ಪಿಗೆ ಬೇಕು. ಅದೇ ಛಾಯಾಗ್ರಾಹಕರು ತಮ್ಮಷ್ಟಕ್ಕೆ ಯಾಣಕ್ಕೆ ಹೋಗಿ ಮಳೆಗಾಲದ ಬಂಡೆಗಳನ್ನು ಸೆರೆಹಿಡಿದು ತಂದರೆ ಆ ಚಿತ್ರ ಪೂರ್ತಿ ಅವರದು. ಅದನ್ನು ರೆಸಾರ್ಟಿನವರು ಗೂಗಲ್‌ನಿಂದ ಇಳಿಸಿಕೊಂಡು ಫಲಕ ಮಾಡಿಸಿದರೆ ಅದು ಉಲ್ಲಂಘನೆ. ‘ನಿಮಗೂ ಪ್ರಚಾರ ಸಿಕ್ಕಿತಲ್ಲ’ ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಪ್ರಚಾರ ಬೇಕೋ ಹಣ ಬೇಕೋ ಎಂದು ತೀರ್ಮಾನಿಸುವ ಹಕ್ಕು ಚಿತ್ರ ತೆಗೆದವರದು.

ಉದ್ದಿಮೆದಾರರು ಮುಗ್ಗರಿಸುವುದು ಲೇಬಲ್ಲಿನಲ್ಲಿ. ನೀವು ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸುತ್ತೀರಿ ಎಂದುಕೊಳ್ಳೋಣ. ಹುಬ್ಬಳ್ಳಿಯ ವಿನ್ಯಾಸಕಾರರೊಬ್ಬರಿಗೆ ಹಣ ಕೊಟ್ಟು ಲಾಂಛನ, ಲೇಬಲ್ ಮಾಡಿಸುತ್ತೀರಿ. ಹಣ ಕೊಟ್ಟಾಯಿತು, ರಸೀದಿ ಇದೆ, ಲಾಂಛನ ನನ್ನದು ಎಂದು ನಿಮ್ಮ ನಂಬಿಕೆ. ಫೋಟೊಕ್ಕೆ ಇರುವ ಆ ನಿಯಮ ಸ್ವತಂತ್ರ ವಿನ್ಯಾಸಕಾರರು ಮಾಡಿಕೊಟ್ಟ ಲಾಂಛನಕ್ಕಾಗಲಿ, ಜಾಲತಾಣದ ಬರಹಕ್ಕಾಗಲಿ, ತಂತ್ರಾಂಶಕ್ಕಾಗಲಿ ಹಾಗೆಯೇ ಅನ್ವಯಿಸುವುದಿಲ್ಲ. ನಿಮ್ಮ ನೌಕರರು ಕೆಲಸದ ಭಾಗವಾಗಿ ಮಾಡಿದ್ದರೆ ಅದು ನಿಮ್ಮದು. ಹೊರಗಿನವರು ಮಾಡಿದ್ದರೆ, ಅವರು ಸಹಿ ಮಾಡಿದ ಹಕ್ಕು ವರ್ಗಾವಣೆ ಪತ್ರ ಇಲ್ಲದಿದ್ದರೆ, ಕೃತಿಸ್ವಾಮ್ಯ ಅವರಲ್ಲೇ ಉಳಿಯುತ್ತದೆ. ನೀವು ಬಳಸಬಹುದು ಎಂದು ವಾದಿಸಬಹುದು, ಒಡೆಯರು ನೀವೆಂದು ಹೇಳುವುದು ಕಷ್ಟ. ವ್ಯಾಪಾರ ಬೆಳೆದು ಹೊರರಾಜ್ಯದ ಕಂಪನಿಯೊಂದು ನಿಮ್ಮ ಬ್ರ್ಯಾಂಡ್ ಕೊಳ್ಳಲು ಬಂದಾಗ ಅವರ ವಕೀಲರು ಮೊದಲು ಕೇಳುವುದೇ ಆ ಪತ್ರವನ್ನು.

ವರ್ಗಾವಣೆ ಪತ್ರದಲ್ಲಿ ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಎಂಬುದು ಇರಬೇಕು. ಕಾಲ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂದು ತಿಳಿಯುತ್ತದೆ. ದುಬೈಗೆ ಉಪ್ಪಿನಕಾಯಿ ಕಳಿಸುವವರು ಈ ಸಾಲನ್ನು ಗುರುತು ಹಾಕಿಕೊಳ್ಳಿ. ಹಕ್ಕು ಪೂರ್ತಿ ಕೊಡಲು ಮನಸ್ಸಿಲ್ಲದ ಕಲಾವಿದರು ಪರವಾನಗಿ ಮಾತ್ರ ಕೊಡಬಹುದು. ಅದನ್ನು ಸರಳ ಕನ್ನಡದಲ್ಲೇ ಬರೆಯಬಹುದು: ‘ಈ ಮೂರು ಚಿತ್ರಗಳನ್ನು ನಿಮ್ಮ ಹೋಂಸ್ಟೇಯ ಜಾಲತಾಣದಲ್ಲಿ ಮತ್ತು ಕರಪತ್ರದಲ್ಲಿ ಇಂದಿನಿಂದ ಎರಡು ವರ್ಷ ಬಳಸಲು ಇಷ್ಟು ಹಣಕ್ಕೆ ಒಪ್ಪಿದ್ದೇನೆ. ಚಿತ್ರದ ಕೆಳಗೆ ನನ್ನ ಹೆಸರು ಇರಬೇಕು. ಬೇರೆಯವರಿಗೆ ಕೊಡುವಂತಿಲ್ಲ.’ ಕೆಳಗೆ ಸಹಿ, ದಿನಾಂಕ. ಚಿತ್ರಗಳ ಚಿಕ್ಕ ಮುದ್ರಿತ ಪ್ರತಿಯನ್ನು ಅದೇ ಹಾಳೆಗೆ ಅಂಟಿಸಿ ಅದರ ಮೇಲೂ ಇಬ್ಬರೂ ಸಹಿ ಮಾಡಿ. ಯಾವ ಮೂರು ಚಿತ್ರ ಎಂಬ ತಕರಾರು ಅಲ್ಲಿಗೇ ನಿಲ್ಲುತ್ತದೆ.

‘ಶಿರಸಿ ಸುಪಾರಿ ಎಂಬ ಹೆಸರಿಗೆ ಕಾಪಿರೈಟ್ ತೆಗೆದುಕೊಳ್ಳಬಹುದೇ’ ಎಂದು ಒಬ್ಬರು ಕೇಳಿದರು. ಇಲ್ಲ. ಹೆಸರಿಗೆ ಕೃತಿಸ್ವಾಮ್ಯವಿಲ್ಲ. ಶಿರಸಿ ಸುಪಾರಿಗೆ ಇರುವುದು 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ), ಅಂದರೆ ಒಂದು ಪ್ರದೇಶದ ವಿಶಿಷ್ಟ ಸರಕಿಗೆ ಸಿಗುವ ಗುರುತು. ನಿಮ್ಮ ಅಂಗಡಿಯ ಹೆಸರಿಗೆ ಬೇಕಾದದ್ದು ಟ್ರೇಡ್ ಮಾರ್ಕ್. ಮೂರೂ ಬೇರೆ ಬೇರೆ ಕಾನೂನುಗಳು.

ಯಕ್ಷಗಾನ ಮತ್ತು ಜನಪದ ಹಾಡಿನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಈ ಜಿಲ್ಲೆಯ ಕಲಾವಿದರಿಗೆ ಅತಿ ಹೆಚ್ಚು ಅನ್ಯಾಯವಾಗುವುದು ಇಲ್ಲೇ, ಕಾನೂನು ಅವರಿಗೆ ಕೊಟ್ಟಿರುವುದನ್ನು ಅವರಿಗೆ ಯಾರೂ ಹೇಳಿಲ್ಲ.

ಹಾಲಕ್ಕಿ ಹೆಣ್ಣುಮಕ್ಕಳು ಹಾಡುವ ಹಾಡನ್ನು ಯಾರು ಕಟ್ಟಿದರೆಂದು ಯಾರೂ ಹೇಳಲಾರರು. ಆ ಹಾಡಿನ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಕಲಿತು ಹಾಡಬಹುದು. ಆದರೆ ಅಂಕೋಲೆಯ ಸುಕ್ರಿ ಬೊಮ್ಮಗೌಡರಂಥವರು, 2017ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ, ಕುಳಿತು ಹಾಡಿದಾಗ ಆ ಹಾಡಿಕೆಯ ಮೇಲೆ ಹಾಡಿದವರಿಗೆ ಹಕ್ಕಿದೆ. ಕಾನೂನಿನಲ್ಲಿ ಅದನ್ನು ಪ್ರದರ್ಶಕರ ಹಕ್ಕು ಎನ್ನುತ್ತಾರೆ. ಪ್ರದರ್ಶನವಾದ ಮುಂದಿನ ವರ್ಷದಿಂದ 50 ವರ್ಷ ಅದು ಇರುತ್ತದೆ, ವಾರಸುದಾರರಿಗೂ ಸಲ್ಲುತ್ತದೆ. ನಟ, ಗಾಯಕ, ವಾದಕ, ನರ್ತಕ, ಹಾವಾಡಿಗ, ಉಪನ್ಯಾಸ ಕೊಡುವವರು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಸಂಶೋಧನೆಗೆಂದು ದನಿ ಮುದ್ರಿಸಿಕೊಂಡು ಹೋದವರು ಅದನ್ನು ಸಿನಿಮಾ ಹಾಡಿಗೆ ಸೇರಿಸಿದರೆ, ಹಾಡು ಜನಪದದ್ದು ಎಂಬ ಸಮರ್ಥನೆ ನಿಲ್ಲುವುದಿಲ್ಲ. ಹಾಡು ಊರಿನದಾದರೂ ದನಿ ಆ ಹೆಣ್ಣುಮಗಳದು. ಮುದ್ರಿಸಿಕೊಳ್ಳಲು, ಪ್ರಸಾರ ಮಾಡಲು, ಮಾರಲು ಆಕೆಯ ಒಪ್ಪಿಗೆ ಬೇಕು. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಾದರೆ ಪತ್ರವನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿ, ಓದಿ ಹೇಳಿದವರ ಸಹಿಯನ್ನೂ ಹಾಕಿಸಿ.

ಬಯಲಾಟದ ಲೆಕ್ಕ ಇನ್ನೂ ಪದರ ಪದರವಾಗಿದೆ. ಹಳೆಯ ಪ್ರಸಂಗಗಳು ಎಲ್ಲರ ಸ್ವತ್ತು. ಈಗಿನವರು ಬರೆದ ಹೊಸ ಪ್ರಸಂಗ ಬರೆದವರದು, ಮೇಳದವರು ಆಡಲು ಅವರನ್ನು ಕೇಳಬೇಕು. ಭಾಗವತರು, ಮದ್ದಳೆಯವರು, ಚಂಡೆಯವರು, ವೇಷಧಾರಿಗಳು ಒಬ್ಬೊಬ್ಬರಿಗೂ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿ ಇದೆ. ಇಡೀ ರಾತ್ರಿಯ ಆಟವನ್ನು ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕುವವರು ಮೇಳದ ಯಜಮಾನರ ಬಾಯಿಮಾತಿನ ಒಪ್ಪಿಗೆ ಸಾಕೆಂದುಕೊಂಡಿದ್ದಾರೆ. ಸಾಲದು. ಕಲಾವಿದರು ಬರಹದಲ್ಲಿ ಒಪ್ಪಿದ್ದರೆ ಮಾತ್ರ ಚಿತ್ರೀಕರಿಸಿದವರ ಕೈ ಗಟ್ಟಿ. ಒಪ್ಪಿದ ಮೇಲೂ ವಾಣಿಜ್ಯ ಬಳಕೆಯಿಂದ ಬರುವ ಹಣದಲ್ಲಿ ಕಲಾವಿದರಿಗೆ ಗೌರವಧನದ ಪಾಲು ಇದೆ ಎಂದು 2012ರ ತಿದ್ದುಪಡಿ ಹೇಳುತ್ತದೆ. ಮೇಳಕ್ಕೆ ಸೇರುವಾಗ ವರ್ಷದ ವೀಳ್ಯದ ಮಾತಾಡುತ್ತೀರಲ್ಲ, ಅದೇ ಕೂಟದಲ್ಲಿ ಪ್ರಸಾರದ ಪಾಲನ್ನೂ ಮಾತಾಡಿ ಬರೆದುಕೊಳ್ಳಿ.

ತಾಳಮದ್ದಳೆಯ ಅರ್ಥಧಾರಿಯೊಬ್ಬರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ‘ನಾನು ಬರೆದುಕೊಂಡು ಹೋಗುವುದಿಲ್ಲ, ಆ ಕ್ಷಣಕ್ಕೆ ಹುಟ್ಟಿದ ಮಾತು ಆಡುತ್ತೇನೆ. ಅದಕ್ಕೆ ಹಕ್ಕುಂಟೇ?’ ನಾಟ್ಯ ಕೃತಿ ಎನಿಸಿಕೊಳ್ಳಲು ಅದರ ರೂಪ ಬರಹದಲ್ಲಿಯೋ ಬೇರೆ ರೀತಿಯಲ್ಲಿಯೋ ನೆಲೆಗೊಂಡಿರಬೇಕು ಎಂದು ಕಾನೂನು ಹೇಳುವುದರಿಂದ ಗಾಳಿಗೆ ಹೋದ ಮಾತಿನ ಮೇಲೆ ಕೃತಿಸ್ವಾಮ್ಯ ಸಾಧಿಸುವುದು ಸುಲಭವಲ್ಲ. ಆದರೆ ಪ್ರದರ್ಶಕರ ಹಕ್ಕಿಗೆ ಬರಹ ಬೇಡ. ಅವರ ಮಾತನ್ನು ಮುದ್ರಿಸಿದ ಕ್ಷಣ ಆ ಮುದ್ರಣದ ಮೇಲೆ ಅವರಿಗೆ ಅಧಿಕಾರ ಬರುತ್ತದೆ. ಇದಲ್ಲದೆ ಪ್ರದರ್ಶಕರಿಗೆ ನೈತಿಕ ಹಕ್ಕೂ ಇದೆ: ಹೆಸರು ಹೇಳಬೇಕು, ಘನತೆಗೆ ಕುಂದು ಬರುವಂತೆ ತಿರುಚಬಾರದು. ಹಾಸ್ಯಗಾರರ ಇಪ್ಪತ್ತು ಸೆಕೆಂಡಿನ ತುಣುಕು ಕತ್ತರಿಸಿ ಬೇರೆ ದನಿ ಅಂಟಿಸಿ ಅವಹೇಳನದ ರೀಲ್ಸ್ ಮಾಡುವವರಿಗೆ ಇದೇ ಉತ್ತರ.

ಯಕ್ಷಗಾನದ ಹಕ್ಕು ಸುಪ್ರೀಂ ಕೋರ್ಟ್‌ವರೆಗೂ ಹೋದದ್ದಿದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ವ್ಯಾಜ್ಯ 2009ರಲ್ಲಿ ಅಲ್ಲಿ ತೀರ್ಮಾನವಾಯಿತು. ಕಾರಂತರು 1994ರಲ್ಲಿ ಬರೆದಿಟ್ಟ ಉಯಿಲೇ ಅದರ ಕೇಂದ್ರ. ಬ್ಯಾಲೆಯು ನಾಟ್ಯ ಕೃತಿ, ಅದರ ಹಕ್ಕು ಉಯಿಲಿನ ಮೂಲಕ ಬಂದವರಿಗೇ ಸೇರಿದ್ದು, ಆದರೆ ಕಾನೂನು ಕೊಟ್ಟಿರುವ ವಿನಾಯಿತಿಗಳು ಎದುರು ಪಕ್ಷದವರಿಗೂ ಅನ್ವಯಿಸುತ್ತವೆ ಎಂದು ನ್ಯಾಯಾಲಯ ಹೇಳಿತು. ಉಯಿಲಿನ ಸಾಲು ಸಾಲನ್ನು ಬಿಡಿಸಿ ಓದಬೇಕಾಗಿ ಬಂದ ಪ್ರಕರಣ ಅದು. ಹೊಸ ಪ್ರಸಂಗ ಬರೆದವರು, ಹೊಸ ರಂಗವಿನ್ಯಾಸ ಕಟ್ಟಿದವರು ತೋಟ, ಮನೆಯನ್ನು ಉಯಿಲಿನಲ್ಲಿ ಬರೆಯುವಾಗ ಕೃತಿಗಳನ್ನೂ ಹೆಸರಿಸಿ ಬರೆಯಿರಿ.

ಮುರ್ಡೇಶ್ವರದ ಶಿವನ ಮೂರ್ತಿಯ ಫೋಟೊ ತೆಗೆದು ಕಾರ್ಡ್ ಮಾಡಿ ಮಾರಬಹುದೇ? ಕೃತಿಸ್ವಾಮ್ಯದ ಮಟ್ಟಿಗೆ ತೊಂದರೆಯಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಇರುವ ಶಿಲ್ಪದ ಚಿತ್ರ, ಫೋಟೊಗಳಿಗೆ ವಿನಾಯಿತಿ ಇದೆ. ಅದರ ಚಿಕ್ಕ ಪ್ರತಿಮೆ ಅಚ್ಚು ಹಾಕಿ ಮಾರುವುದಕ್ಕೆ ಆ ವಿನಾಯಿತಿ ಇಲ್ಲ.

ಈಗ ಇನ್ನೊಂದು ಕಡೆಯವರು, ನೋಟಿಸ್ ಕೈಗೆ ಬಂದವರು. ನಿಮ್ಮ ಜಾಲತಾಣದಲ್ಲಿ ಯಾರದೋ ಚಿತ್ರ ಇದೆ, ಲಕ್ಷಾಂತರ ರೂಪಾಯಿ ಕಟ್ಟಿ, ಇಲ್ಲವಾದರೆ ಜೈಲು ಎಂದು ದೂರದ ನಗರದಿಂದ ಪತ್ರ ಬರುತ್ತದೆ. ಹೆದರಿ ಅದೇ ದಿನ ಹಣ ಕಳಿಸುವವರೂ ಇದ್ದಾರೆ, ಕಪಾಟಿನಲ್ಲಿಟ್ಟು ಮರೆಯುವವರೂ ಇದ್ದಾರೆ. ಎರಡೂ ಬೇಡ. ಮೊದಲು ಆ ಪುಟ ಹೇಗಿತ್ತೋ ಹಾಗೆ ಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಚಿತ್ರವನ್ನು ತೆಗೆಯಿರಿ. ತೆಗೆದ ಮಾತ್ರಕ್ಕೆ ಹಿಂದಿನ ಬಳಕೆಯ ಹೊಣೆ ಹೋಗುವುದಿಲ್ಲ, ಮುಂದಿನದು ನಿಲ್ಲುತ್ತದೆ. ಆ ಚಿತ್ರ ನಿಮಗೆ ಎಲ್ಲಿಂದ ಬಂತೆಂದು ಹುಡುಕಿ: ಜಾಲತಾಣ ಮಾಡಿಕೊಟ್ಟವರು ಹಾಕಿದರೇ, ಹಣ ಕೊಟ್ಟು ಕೊಂಡದ್ದೇ, ರಸೀದಿ ಇದೆಯೇ? ನೋಟಿಸ್ ಕೊಟ್ಟವರು ನಿಜವಾದ ಹಕ್ಕುದಾರರೇ, ಅವರಿಗೆ ಅಧಿಕಾರ ಪತ್ರ ಇದೆಯೇ ಎಂದು ವಕೀಲರ ಮೂಲಕ ಬರಹದಲ್ಲೇ ಕೇಳಿ. ಕೃತಿಸ್ವಾಮ್ಯ ಇದೆಯೆಂದು ತಿಳಿದಿರಲಿಲ್ಲ, ತಿಳಿಯಲು ಕಾರಣವೂ ಇರಲಿಲ್ಲ ಎಂದು ನೀವು ಸಾಬೀತು ಮಾಡಿದರೆ ನ್ಯಾಯಾಲಯ ತಡೆಯಾಜ್ಞೆ ಮತ್ತು ಲಾಭದ ಪಾಲಿಗಷ್ಟೇ ಆದೇಶ ಕೊಡಬಹುದು. ‘ಗೂಗಲ್‌ನಲ್ಲಿ ಸಿಕ್ಕಿತು’ ಎಂಬುದು ಮಾತ್ರ ಅಂಥ ಕಾರಣವಾಗುವುದಿಲ್ಲ. ಆಧಾರವಿಲ್ಲದೆ ಬೆದರಿಸುವವರ ವಿರುದ್ಧ ನೀವೇ ದಾವೆ ಹೂಡಲು ಕೃತಿಸ್ವಾಮ್ಯ ಅಧಿನಿಯಮದ 60ನೇ ಕಲಂ ಇದೆ, ಅದು ಬಹಳ ವ್ಯಾಪಾರಸ್ಥರಿಗೆ ತಿಳಿದಿಲ್ಲ.

ಕಲ್ಯಾಣ ಮಂಟಪದವರು ಕೇಳಿದರು, ಮದುವೆಯಲ್ಲಿ ಸಿನಿಮಾ ಹಾಡು ಹಾಕಿದರೆ ಪರವಾನಗಿ ಬೇಕೇ ಎಂದು. ಧಾರ್ಮಿಕ ವಿಧಿಗಳಿಗೆ ಮತ್ತು ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ ಕಾನೂನಿನಲ್ಲೇ ವಿನಾಯಿತಿ ಇದೆ. ಗೋಕರ್ಣದ ರೆಸಾರ್ಟಿನಲ್ಲಿ ಟಿಕೆಟ್ ಇಟ್ಟು ಮಾಡುವ ಹೊಸ ವರ್ಷದ ಪಾರ್ಟಿಗೆ ಅದು ಸಿಗುವುದಿಲ್ಲ.

ನಿಮ್ಮ ಕೃತಿಯನ್ನೇ ಬೇರೆಯವರು ಕದ್ದಿದ್ದರೆ ಮೊದಲ ಕೆಲಸ ಸಾಕ್ಷ್ಯ. ಸಿಟ್ಟಿನಲ್ಲಿ ಫೇಸ್‌ಬುಕ್‌ನಲ್ಲಿ ಬೈದರೆ ಎದುರಿನವರು ಪುಟವನ್ನೇ ಅಳಿಸಿಬಿಡುತ್ತಾರೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ವಿಳಾಸ ಮತ್ತು ದಿನಾಂಕ ಕಾಣುವಂತೆ. ಅದು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲು ಬದಲಾಗಿಲ್ಲವೆಂದು ತೋರಿಸುವ ಅದರ ಬೆರಳಚ್ಚಿನಂಥ ಸಂಕೇತವನ್ನೂ, ಬರೆಯಬೇಕು. ಹಾಗಾಗಿ ಯಾವ ಫೋನಿನಲ್ಲಿ ತೆಗೆದಿರೋ ಆ ಫೋನನ್ನು ಮಾರಬೇಡಿ.

ಆನ್‌ಲೈನ್ ವೇದಿಕೆಗಳಿಗೆ ಲಿಖಿತ ದೂರು ಕೊಟ್ಟರೆ 36 ಗಂಟೆಯೊಳಗೆ ಆ ಕೊಂಡಿಯನ್ನು ತಡೆಯಬೇಕೆಂದು 2013ರ ಕೃತಿಸ್ವಾಮ್ಯ ನಿಯಮಗಳು ಹೇಳುತ್ತವೆ. 21 ದಿನಗಳಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು. ಆದ್ದರಿಂದ ದೂರು ಕೊಟ್ಟ ದಿನವೇ ವಕೀಲರನ್ನು ಕಾಣಿ. ಯೂಟ್ಯೂಬ್‌ನಲ್ಲಿ 90 ದಿನಗಳೊಳಗೆ ಮೂರು ಸ್ಟ್ರೈಕ್ (ಕೃತಿಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ) ಬಂದರೆ ಚಾನೆಲ್ ಹೋಗುತ್ತದೆ. ತಪ್ಪಾಗಿ ಸ್ಟ್ರೈಕ್ ಬಂದರೆ ಎದುರು ದೂರು ಸಲ್ಲಿಸುವ ದಾರಿ ಅಲ್ಲೇ ಇದೆ, ಅದರಲ್ಲಿ ಬರೆಯುವ ಪ್ರತಿ ಮಾತಿಗೂ ನೀವು ಹೊಣೆಗಾರರು, ಕೋಪದಲ್ಲಿ ಬರೆಯಬೇಡಿ.

ದಾವೆ ಎಲ್ಲಿ ಹೂಡಬೇಕು? ‘ಕಂಪನಿ ಮುಂಬೈಯಲ್ಲಿದೆ, ನಾನು ಅಂಕೋಲೆಯವನು, ಅಲ್ಲಿಗೆ ಹೋಗಿ ಬರಲು ನನ್ನಿಂದಾಗದು’ ಎಂದು ಕೈಚೆಲ್ಲಿದವರನ್ನು ನಾನು ಬಹಳ ಕಂಡಿದ್ದೇನೆ. ಕೃತಿಸ್ವಾಮ್ಯ ಅಧಿನಿಯಮದ 62ನೇ ಕಲಂ ಓದಿಕೊಳ್ಳಿ. ಹಕ್ಕುದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಅಂಕೋಲೆಯ ಛಾಯಾಗ್ರಾಹಕರಿಗಾಗಿ ಮುಂಬೈಯ ಕಂಪನಿ ಕಾರವಾರಕ್ಕೆ ಬರಬೇಕು. ಸಣ್ಣವರ ಪರವಾಗಿ ಕಾನೂನು ಇಟ್ಟಿರುವ ಅತಿ ದೊಡ್ಡ ಸೌಲಭ್ಯ ಇದೆಂದೇ ನಾನು ತಿಳಿದಿದ್ದೇನೆ. ಮೇಲ್ಮನವಿಗೆ ಧಾರವಾಡದ ಹೈಕೋರ್ಟ್ ಪೀಠವಿದೆ. ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವಾಣಿಜ್ಯ ವ್ಯಾಜ್ಯವಾಗುತ್ತದೆ. ಆಗ, ತುರ್ತು ತಡೆಯಾಜ್ಞೆ ಬೇಡದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಉಲ್ಲಂಘನೆ ನಡೆದು 3 ವರ್ಷದೊಳಗೆ ಬನ್ನಿ.

ಪೊಲೀಸ್ ದೂರಿನ ಬಗ್ಗೆ ಒಂದು ಮಾತು. ತಿಳಿದೂ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇಡೀ ಪುಸ್ತಕವನ್ನೇ ಕಳ್ಳಮುದ್ರಣ ಮಾಡಿ ಮಾರುವವರ ಮೇಲೆ ಇದನ್ನು ಪ್ರಯೋಗಿಸಿ. ಒಂದು ಫೋಟೊ ಹಾಕಿಕೊಂಡ ಪಕ್ಕದೂರಿನ ಅಂಗಡಿಯವರ ಮೇಲೆ ಮೊದಲ ದಿನವೇ ಪ್ರಯೋಗಿಸಬೇಡಿ. ಅಲ್ಲಿ ಒಂದು ಪತ್ರ ಸಾಕಾಗುತ್ತದೆ, ಮುಂದೆ ಅವರೇ ಹಣ ಕೊಟ್ಟು ಫೋಟೊ ಕೊಳ್ಳುವ ಗಿರಾಕಿಯೂ ಆಗಬಹುದು.

ಕೊನೆಗೆ ಹೊನ್ನಾವರದ ಕಲಾವಿದೆಯೊಬ್ಬರು ಎದ್ದು ಕೇಳಿದರು: ‘ಇದಕ್ಕೆಲ್ಲ ವಕೀಲರಿಗೆ ಕೊಡಲು ನಮ್ಮಲ್ಲಿ ಹಣವೆಲ್ಲಿದೆ?’ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕಾರವಾರದಲ್ಲಿದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಅದರ ಸಮಿತಿಗಳಿವೆ, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಹೋಗುವಾಗ ಗುರುತಿನ ಚೀಟಿ, ಕೃತಿಯ ಮೂಲ ಫೈಲು ಅಥವಾ ಹಸ್ತಪ್ರತಿ, ಕದ್ದ ಪ್ರತಿಯ ಮುದ್ರಿತ ಚಿತ್ರ, ಅವರೊಂದಿಗೆ ಆಡಿದ ವಾಟ್ಸ್ಆ್ಯಪ್ ಮಾತುಕತೆ, ಹಣ ಬಂದ ಬ್ಯಾಂಕ್ ವಿವರ ತೆಗೆದುಕೊಂಡು ಹೋಗಿ. ನಡೆದದ್ದನ್ನು ದಿನಾಂಕದ ಪ್ರಕಾರ ಒಂದು ಪುಟದಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮೊದಲ ಭೇಟಿಯಲ್ಲೇ ನೋಟಿಸಿನ ಕರಡು ಸಿದ್ಧವಾಗುತ್ತದೆ.